ಮುಚ್ಚಳವಿಲ್ಲದ ಫೋನು

ಹಳೆಯ ವಾಲ್ವ್ ರೇಡಿಯೊದ ಹಿಂಬದಿಯ ರಟ್ಟು ತೆಗೆದು ನೋಡಿದವರಿಗೆ ನೆನಪಿರಬಹುದು. ಯಾವ ವಾಲ್ವ್ ಎಲ್ಲಿ ಕೂರಬೇಕೆಂಬ ನಕ್ಷೆಯನ್ನು ಎಷ್ಟೋ ಪೆಟ್ಟಿಗೆಗಳಲ್ಲಿ ತಯಾರಕರೇ ಅಂಟಿಸಿರುತ್ತಿದ್ದರು. ಈ ಪೆಟ್ಟಿಗೆ ಎಂದಾದರೊಂದು ದಿನ ಕೆಡುತ್ತದೆ, ಯಾರೋ ಒಬ್ಬರು ಇದನ್ನು ಬಿಚ್ಚುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅದನ್ನು ಮುಚ್ಚಿಡಬೇಕೆಂದು ಅವರಿಗೆ ಅನಿಸಿರಲಿಲ್ಲ. ಅಂಥ ನಕ್ಷೆಗಳನ್ನು ನೋಡುತ್ತ ನೋಡುತ್ತಲೇ ಸೋಲ್ಡರಿಂಗ್ ಕಡ್ಡಿ ಹಿಡಿದು ಅನ್ನ ಸಂಪಾದಿಸಿದವರು ನಮ್ಮ ತಾಲ್ಲೂಕು ಪೇಟೆಗಳಲ್ಲಿ ಬೇಕಾದಷ್ಟು ಜನ.

ಈಗ ಕೈಯಲ್ಲಿರುವ ಮೊಬೈಲ್ ಫೋನನ್ನು ತಿರುಗಿಸಿ ನೋಡಿ. ಹಿಂಬದಿ ಕನ್ನಡಿಯಷ್ಟು ನುಣುಪು. ಉಗುರು ತೂರಿಸುವಷ್ಟೂ ಸಂದಿಲ್ಲ. ಒಳಗೆ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದಾರೆ.

ಉಳಿದ ಭಾಗಗಳಿಗೂ ಬ್ಯಾಟರಿಗೂ ಒಂದು ವ್ಯತ್ಯಾಸವಿದೆ. ಫೋನಿನ ಚಿಪ್ ಹತ್ತು ವರ್ಷ ಬಾಳಬಹುದು, ಪರದೆಯೂ ಬೀಳಿಸದಿದ್ದರೆ ಬಾಳಬಹುದು. ಬ್ಯಾಟರಿ ಮಾತ್ರ ಸವೆದೇ ಸವೆಯುತ್ತದೆ. 1991ರಲ್ಲಿ ಸೋನಿ ಕಂಪನಿ ಮೊದಲು ಮಾರುಕಟ್ಟೆಗೆ ತಂದ ಲೀಥಿಯಂ ಅಯಾನ್ ಬ್ಯಾಟರಿಯ ತತ್ವ ಸರಳವಾದದ್ದು. ಚಾರ್ಜ್ ಮಾಡುವಾಗ ಲೀಥಿಯಂ ಅಯಾನುಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಯ ಗ್ರಾಫೈಟ್ ಪದರಗಳೊಳಗೆ ಸೇರಿಕೊಳ್ಳುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಹೀಗೆ ಹೋಗಿ ಬರುವಾಗ ಪ್ರತಿ ಸಲವೂ ಒಂದಿಷ್ಟು ಲೀಥಿಯಂ ಗ್ರಾಫೈಟಿನ ಮೇಲೆ ಕಟ್ಟುವ ತೆಳುಪೊರೆಯಲ್ಲಿ ಸಿಕ್ಕಿಕೊಂಡು ಉಳಿದುಬಿಡುತ್ತದೆ. ಕಾವು ಹೆಚ್ಚಿದಷ್ಟೂ ಈ ನಷ್ಟ ಬೇಗ. ರಾಯಚೂರಿನ ಬೇಸಿಗೆಗೂ ಮಡಿಕೇರಿಯ ಮಳೆಗಾಲಕ್ಕೂ ವ್ಯತ್ಯಾಸ ಇಲ್ಲದಿಲ್ಲ. ಐನೂರು ಸಲ ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ ನೂರಕ್ಕೆ ಎಂಬತ್ತು ಪಾಲು ಶಕ್ತಿ ಉಳಿದರೆ ಸಾಕೆಂಬುದು ಬಹುಕಾಲ ಫೋನುಗಳ ಲೆಕ್ಕವಾಗಿತ್ತು. ದಿನಕ್ಕೊಂದು ಸಲ ಚಾರ್ಜ್ ಮಾಡುವವರಿಗೆ ಇದು ಒಂದೂವರೆ ವರ್ಷವೂ ಆಗಲಿಲ್ಲ!

ಸವೆಯುವುದು ಖಚಿತವಿರುವ ಒಂದೇ ಭಾಗವನ್ನು ತೆಗೆಯಲಾಗದಂತೆ ಅಂಟಿಸುವುದೆಂದರೆ, ಸೈಕಲ್ಲಿನ ಟೈರನ್ನು ರಿಮ್ಮಿಗೆ ಬೆಸುಗೆ ಹಾಕಿದ ಹಾಗೆ.

ಹಾಗೆ ಅಂಟಿಸದಿದ್ದ ಕಾಲವೂ ತೀರ ಹಿಂದಿನದಲ್ಲ. 2003ರಲ್ಲಿ ಬಂದ ನೋಕಿಯಾ 1100 ಫೋನು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರಲ್ಲಿದ್ದ ಬಿಎಲ್-5ಸಿ ಎಂಬ ಬ್ಯಾಟರಿ ಎಷ್ಟು ಮನೆಮಾತಾಯಿತೆಂದರೆ, ಮುಂದೆ ಅಗ್ಗದ ಎಫ್‌ಎಂ ರೇಡಿಯೊ, ಭಜನೆ ಹಾಡುವ ಪುಟ್ಟ ಸ್ಪೀಕರುಗಳೂ ಅದೇ ಅಳತೆಯ ಬ್ಯಾಟರಿಗೆ ಗೂಡು ಮಾಡಿಕೊಂಡವು. 2007ರ ಆಗಸ್ಟ್‌ನಲ್ಲಿ ಇದೇ ಬ್ಯಾಟರಿಯಿಂದ ಗಲಾಟೆಯಾಯಿತು. ಒಂದು ತಯಾರಕರಿಂದ ಬಂದ 4 ಕೋಟಿ 60 ಲಕ್ಷ ಬ್ಯಾಟರಿಗಳಲ್ಲಿ ಕೆಲವು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗಬಹುದೆಂದು ಕಂಪನಿ ಎಚ್ಚರಿಸಿತು. ಜನ ಮಾಡಬೇಕಾಗಿದ್ದದ್ದು ಇಷ್ಟೇ: ಮುಚ್ಚಳ ತೆಗೆದು ಬ್ಯಾಟರಿಯ ಮೇಲಿನ ಸಂಖ್ಯೆ ಓದುವುದು, ಆ ಪಟ್ಟಿಯದಾದರೆ ಬೇರೆ ಬ್ಯಾಟರಿ ಪಡೆಯುವುದು. ಫೋನು ಅವರ ಜೇಬಿನಲ್ಲೇ ಉಳಿಯಿತು.

ಒಂಬತ್ತು ವರ್ಷಗಳ ನಂತರ, 2016ರಲ್ಲಿ, ಸ್ಯಾಮ್‌ಸಂಗ್ ನೋಟ್ 7 ಫೋನುಗಳು ಹೊತ್ತಿಕೊಂಡಾಗ ಆದದ್ದೇ ಬೇರೆ. ಸೆಪ್ಟೆಂಬರಿನಲ್ಲಿ ಸುಮಾರು 25 ಲಕ್ಷ ಫೋನುಗಳನ್ನು ಇಡಿಯಾಗಿ ವಾಪಸು ಕರೆಯಬೇಕಾಯಿತು. ಬದಲಿಗೆ ಕೊಟ್ಟವೂ ಹೊತ್ತಿಕೊಂಡವು. ಅಕ್ಟೋಬರಿನಲ್ಲಿ ತಯಾರಿಕೆಯೇ ನಿಂತಿತು. ಮರುವರ್ಷ ಜನವರಿಯಲ್ಲಿ ಹೊರಬಿದ್ದ ಕಂಪನಿಯದೇ ವಿಚಾರಣೆಯ ಪ್ರಕಾರ ದೋಷವಿದ್ದದ್ದು ಬ್ಯಾಟರಿಯಲ್ಲಿ. ಅಂದರೆ ಕ್ಯಾಮೆರಾ, ಪರದೆ, ಚಿಪ್ ಎಲ್ಲ ಸರಿಯಾಗಿದ್ದ ಯಂತ್ರವೂ ಬ್ಯಾಟರಿಯ ಜೊತೆಗೆ ಸಹಗಮನ ಮಾಡಬೇಕಾಯಿತು.

ಫೋನು ತೆಳ್ಳಗಿರಬೇಕು, ನೀರಿಗೆ ಬಿದ್ದರೂ ಉಳಿಯಬೇಕು, ಅದಕ್ಕೇ ಅಂಟು ಎಂಬುದು ಕಂಪನಿಗಳ ವಾದ. ತೆಳುವಿನ ಮಾತು ನಿಜ. ಬಿಚ್ಚಿ ಹಾಕುವ ಬ್ಯಾಟರಿಗೆ ಗಟ್ಟಿ ಕವಚ ಬೇಕು, ಕವಚ ಜಾಗ ತಿನ್ನುತ್ತದೆ. ನೀರಿನ ಮಾತನ್ನು ಮಾತ್ರ ಪೂರ್ತಿ ನಂಬಬೇಕಾಗಿಲ್ಲ. 2014ರ ಗ್ಯಾಲಕ್ಸಿ ಎಸ್5 ಫೋನಿಗೆ ಉಗುರಿನಿಂದ ತೆಗೆಯುವ ಮುಚ್ಚಳವಿತ್ತು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವ ದರ್ಜೆಯೂ ಇತ್ತು. ಮುಚ್ಚಳದ ಅಂಚಿಗೆ ರಬ್ಬರು ಸುತ್ತು ಕೂರಿಸಿದ್ದರು, ಅಷ್ಟೇ. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಕಂಡ ಯಾವ ಗೃಹಿಣಿಗೂ ಇದು ಹೊಸ ವಿದ್ಯೆಯಲ್ಲ.

ಅಂಟಿಗಿಂತ ಗಟ್ಟಿಯಾದ ಬೀಗವೊಂದು ಈಚೆಗೆ ಬಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕೆಲವು ಫೋನುಗಳಲ್ಲಿ ಭಾಗಗಳಿಗೂ ಮುಖ್ಯ ಫಲಕಕ್ಕೂ ತಂತ್ರಾಂಶದ ಮೂಲಕ ಗಂಟು ಹಾಕಿರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ನುರಿತ ಕೈಯೊಂದು ಅಂಟು ಬಿಡಿಸಿ ಹೊಸ ಭಾಗವನ್ನು ಸರಿಯಾಗಿಯೇ ಜೋಡಿಸಿದರೂ, ಇದು ಅಪರಿಚಿತ ಎಂದು ಫೋನು ಪರದೆಯ ಮೇಲೆ ದೂರುತ್ತದೆ. ಕೆಲವೊಮ್ಮೆ ಒಂದೆರಡು ಸೌಲಭ್ಯಗಳನ್ನೂ ಕಳೆದುಕೊಳ್ಳುತ್ತದೆ. ದುಡ್ಡು ಕೊಟ್ಟವರು ಒಬ್ಬರು, ಒಳಗೆ ಏನಿರಬಹುದೆಂದು ತೀರ್ಮಾನಿಸುವವರು ಇನ್ನೊಬ್ಬರು. ಕೈಕಸುಬಿನವನ ತಪ್ಪು ಇದರಲ್ಲಿ ಏನೂ ಇಲ್ಲ, ಆದರೆ ಗಿರಾಕಿಯ ಅನುಮಾನ ಬೀಳುವುದು ಅವನ ಮೇಲೇ.

ಅಮೆರಿಕದ ಆರೆಗಾನ್ ರಾಜ್ಯ ಇಂಥ ಗಂಟುಗಳನ್ನು ನಿಷೇಧಿಸುವ ಕಾನೂನನ್ನು 2024ರಲ್ಲಿ ಮಾಡಿತು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು. ಜಾಲತಾಣ ಮಾಹಿತಿ ಕೊಡುತ್ತದೆ, ಕಂಪನಿಯ ಕಿವಿ ಹಿಂಡುವುದಿಲ್ಲ. ಹಿಂಡಲು ಹೊರಟಿರುವುದು ಯೂರೋಪ್ ಒಕ್ಕೂಟ. 2025ರ ಜೂನ್ 20ರಿಂದ ಅಲ್ಲಿ ಮಾರಾಟಕ್ಕೆ ಬರುವ ಹೊಸ ಮಾದರಿಯ ಫೋನುಗಳಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ಬ್ಯಾಟರಿಯನ್ನು ಬಳಕೆದಾರನೇ ಬದಲಿಸುವಂತಿರಬೇಕು.

ಆದರೆ ಆ ನಿಯಮಕ್ಕೂ ಒಂದು ಹಿತ್ತಿಲ ಬಾಗಿಲಿದೆ. ಸಾವಿರ ಸಲ ಚಾರ್ಜ್ ಆದ ಮೇಲೂ ನೂರಕ್ಕೆ ಎಂಬತ್ತು ಪಾಲು ಶಕ್ತಿ ಉಳಿಸಿಕೊಳ್ಳುವ, ನೀರು ಧೂಳು ಒಳಗೆ ಬಿಡದ ಫೋನಾದರೆ ಅಂಟಿಸಿಯೇ ಮಾರಬಹುದು. ಬ್ಯಾಟರಿಯ ಆಯುಸ್ಸು ಇಮ್ಮಡಿಯಾದರೆ ಗಿರಾಕಿಗೆ ಲಾಭವೇ, ಇಲ್ಲವೆನ್ನಲಾಗದು. ಐನೂರರ ಲೆಕ್ಕ ಸಾವಿರಕ್ಕೆ ಏರಬಹುದೆಂದ ಮೇಲೆ ಇಷ್ಟು ದಿನ ಏಕೆ ಏರಿರಲಿಲ್ಲವೆಂದು ಯಾರಾದರೂ ಕೇಳಬೇಕು. ದುಬಾರಿ ಫೋನಿನವರು ಆ ಹಿತ್ತಿಲ ಬಾಗಿಲಿನ ಕಡೆಗೇ ನಡೆಯುವ ಸೂಚನೆ ಹೆಚ್ಚು. ಮುಚ್ಚಳ ಮರಳಿ ಬಂದರೆ ಅದು ಅಗ್ಗದ ಫೋನಿಗೇ ಬಂದೀತು.