ಮೊದಲು ಮೊಳೆ, ಆಮೇಲೆ ಗನ್

ಓದುಗರಾದ ಅಜ್ಜ ಒಬ್ಬರು ಪತ್ರ ಬರೆದಿದ್ದಾರೆ. ದಸರಾ ರಜೆಗೆ ಬರುವ ಮೊಮ್ಮಗಳ ಜೊತೆ ಕೂತು ಅವಳ ಪುಸ್ತಕಗಳಿಗೊಂದು ಶೆಲ್ಫ್ ಮಾಡಬೇಕೆಂದಿದ್ದಾರೆ. ಕೈ ಸ್ವಲ್ಪ ನಡುಗುತ್ತದಂತೆ. ಸುತ್ತಿಗೆಯ ಏಟು ಮೊಳೆಗಿಂತ ಬೆರಳಿಗೇ ಹೆಚ್ಚು ಬೀಳುತ್ತದಂತೆ. ‘ಗಾಳಿಯಿಂದ ಮೊಳೆ ಹೊಡೆಯುವ ನೇಲ್ ಗನ್ ತಗೊಳ್ಳಲಾ? ಮಗ ಬೇಡವೇ ಬೇಡ ಅನ್ನುತ್ತಾನೆ’ ಎಂದು ಕೇಳಿದ್ದಾರೆ.

ಈ ಪ್ರಶ್ನೆ ನನ್ನದೂ ಆಗಿತ್ತು. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ನೋಟು ಎಣಿಸಿದ ಹೆಬ್ಬೆರಳಿನ ಸಂದು, ಅರವತ್ತೆಂಟನೇ ವಯಸ್ಸಿಗೆ ಸುತ್ತಿಗೆ ಹಿಡಿಯಲು ಒಪ್ಪಲಿಲ್ಲ. ಮರಗೆಲಸ ಬಿಡಬೇಕು, ಇಲ್ಲವೇ ಸಾಧನ ಬದಲಿಸಬೇಕು ಎನ್ನುವ ಸ್ಥಿತಿ. ಸಾಧನ ಬದಲಿಸಿದೆ. ಐದು ವರ್ಷವಾಯಿತು.

ಸಾಲ ಕೇಳಲು ಬಂದವರನ್ನು ನಾವು ಬ್ಯಾಂಕಿನಲ್ಲಿ ಮೊದಲು ಕೇಳುತ್ತಿದ್ದುದು ‘ಯಾತಕ್ಕೆ ಬೇಕು?’ ಎಂದು. ‘ಎಷ್ಟು ಬೇಕು?’ ಎನ್ನುವುದು ಆಮೇಲೆ. ಅಂಗಡಿಯಲ್ಲಿ ಇದು ಉಲ್ಟಾ. ‘ಎಷ್ಟು ಎಚ್‌ಪಿ ಕಂಪ್ರೆಸರ್ ಕೊಡಲಿ ಸಾರ್?’ ಎಂದೇ ಶುರುಮಾಡುತ್ತಾರೆ. ಉತ್ತರ ಕೊಡಬೇಡಿ. ಮೊದಲು ಮೊಳೆ, ಆಮೇಲೆ ಗನ್, ಕೊನೆಗೆ ಕಂಪ್ರೆಸರ್. ಈ ಕ್ರಮ ತಪ್ಪಿದರೆ ದುಡ್ಡು ಹೆಚ್ಚು ಹೋಗುತ್ತದೆ, ಕೆಲಸವೂ ಕೆಡುತ್ತದೆ.

ಮನೆಗೆಲಸಕ್ಕೆ ಸಾಕಾಗುವುದು 18 ಗೇಜ್ ಮೊಳೆ. ಮಕ್ಕಳೇ, ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಮೊಳೆ ಸಣ್ಣ ಎಂಬುದು ನೆನಪಿರಲಿ. 18 ಗೇಜ್ ಮೊಳೆ ಸುಮಾರು 1.2 ಮಿ.ಮೀ. ದಪ್ಪ, ತಲೆಯೂ ಚಿಕ್ಕದು, ಹೊಡೆದ ಗುರುತು ಅಷ್ಟಾಗಿ ಕಾಣುವುದಿಲ್ಲ. ಇನ್ನು ಉದ್ದ. 12 ಮಿ.ಮೀ. ಪ್ಲೈವುಡ್ ಮೂಲಕ 30 ಮಿ.ಮೀ. ಮೊಳೆ ಹೊಡೆದರೆ 18 ಮಿ.ಮೀ. ಕೆಳಗಿನ ಹಲಗೆಗೆ ಇಳಿಯುತ್ತದೆ. ಅದು ಸರಿ. ಪ್ಲೈವುಡ್ಡೇ 18 ಮಿ.ಮೀ. ಇದ್ದರೆ ಇಳಿಯುವುದು ಬರೀ 12 ಮಿ.ಮೀ. ಅದು ಸಾಲದು.

ಆದ್ದರಿಂದ ನಿಮ್ಮ ಹಲಗೆ ಅಳೆದುಕೊಂಡೇ ಅಂಗಡಿಗೆ ಹೋಗಿ. ಎಫ್-30 ಎಂಬ ಗನ್ 30 ಮಿ.ಮೀ.ವರೆಗಿನ ಮೊಳೆ ಹೊಡೆಯುತ್ತದೆ, ಎಫ್-50 ಎಂಬುದು 50ರವರೆಗೆ. 12 ಮಿ.ಮೀ. ಹಲಗೆಗೆ ಮೊದಲನೆಯದು, 18ಕ್ಕೆ ಎರಡನೆಯದು. ಎರಡಕ್ಕೂ ಮರದ ಅಂಟು ಹಚ್ಚಲೇಬೇಕು. ಇಷ್ಟು ಸಣ್ಣ ಮೊಳೆಯ ಕೆಲಸ ಅಂಟು ಒಣಗುವ ತನಕ ಹಲಗೆಯನ್ನು ಹಿಡಿದುಕೊಳ್ಳುವುದು. ಬಾಳಿಕೆ ಕೊಡುವುದು ಅಂಟು. ದಪ್ಪ ನಿಘಂಟುಗಳ ಭಾರ ಹೊರುವ ಹಲಗೆಗೆ ಸ್ಕ್ರೂ ಸಹ ಹಾಕಿ.

ಇನ್ನು ಕಂಪ್ರೆಸರ್. ಅದರ ಟ್ಯಾಂಕು ಒಂದು ಉಳಿತಾಯ ಖಾತೆ. ಮೋಟಾರು ಗಾಳಿಯನ್ನು ಜಮಾ ಮಾಡುತ್ತದೆ, ಗನ್ ತೆಗೆಯುತ್ತದೆ. 24 ಲೀಟರ್ ಟ್ಯಾಂಕಿನಲ್ಲಿ 8 ಬಾರ್ ಒತ್ತಡ ತುಂಬಿದೆ ಎನ್ನೋಣ. 5 ಬಾರ್ ನಮ್ಮ ಮಿನಿಮಮ್ ಬ್ಯಾಲೆನ್ಸ್. ಅದಕ್ಕಿಂತ ಇಳಿದರೆ ಮೊಳೆಯ ತಲೆ ಮರದ ಮೇಲೆ ಎದ್ದು ನಿಲ್ಲತೊಡಗುತ್ತದೆ. 8ರಿಂದ 5ಕ್ಕೆ ಇಳಿಯುವಾಗ ಸಿಗುವ ಗಾಳಿ 24 ಗುಣಿಸು 3, ಅಂದರೆ 72 ಲೀಟರ್. ಒಂದು ಮೊಳೆಗೆ ಒಂದು ಲೀಟರ್ ಎಂದು ಹಿಡಿದರೂ 72 ಮೊಳೆ. ಪುಟ್ಟ ಶೆಲ್ಫಿಗೆ ಅಷ್ಟು ಬೇಕಾಗುವುದೂ ಇಲ್ಲ. ಹಾಗಾಗಿ ಮುಕ್ಕಾಲು ಅಥವಾ ಒಂದು ಎಚ್‌ಪಿಯ, 24 ಲೀಟರಿನ, ಆಯಿಲ್ ಬೇಡದ ಕಂಪ್ರೆಸರ್ ಧಾರಾಳ ಸಾಕು. ದೊಡ್ಡ ಟ್ಯಾಂಕು ಬೇಕಾಗುವುದು ಬಣ್ಣ ಸಿಂಪಡಿಸುವವರಿಗೆ. ಅವರು ನಿಲ್ಲಿಸದೆ ಗಾಳಿ ತೆಗೆಯುತ್ತಾರೆ.

ಕಂಪ್ರೆಸರ್ ದೂರ ಇಡಬೇಕಾದರೆ ಕರೆಂಟಿನ ವೈರ್ ಉದ್ದ ಮಾಡಬೇಡಿ, ಗಾಳಿಯ ಪೈಪ್ ಉದ್ದ ಮಾಡಿ. ಮೋಟಾರು ಶುರುವಾಗುವಾಗ ಹೆಚ್ಚು ಕರೆಂಟ್ ಎಳೆಯುತ್ತದೆ. ತೆಳು ವೈರ್ ಬಿಸಿಯಾಗುತ್ತದೆ. ಇನ್ನೊಂದು ಮಾತು ನಮ್ಮ ಕರಾವಳಿಯವರಿಗೆ. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿರುವ ಆವಿ ಟ್ಯಾಂಕಿನೊಳಗೆ ನೀರಾಗುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಕೆಲಸ ಮುಗಿದ ಮೇಲೆ ಪ್ಲಗ್ ತೆಗೆದು, ಒತ್ತಡ ಇಳಿಸಿ, ಟ್ಯಾಂಕಿನ ಅಡಿಯ ವಾಲ್ವ್ ತೆರೆದು ನೀರು ಬಿಡಿ. ಬಿಡದಿದ್ದರೆ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ತುಕ್ಕು ತಿಂದ ಟ್ಯಾಂಕಿಗೆ ಗಾಳಿ ತುಂಬುವುದು ಅಪಾಯ.

ಈಗ ಮಗನ ‘ಬೇಡ’ದ ವಿಷಯ. ಅವರ ಹೆದರಿಕೆ ಸುಳ್ಳಲ್ಲ. ಮೊಳೆ ಮರದ ಗಂಟಿಗೆ ತಾಗಿದರೆ ಬಾಗಿ ಪಕ್ಕದಿಂದ ಹೊರಬರಬಹುದು. ಆದ್ದರಿಂದ ಹಲಗೆ ಹಿಡಿದ ಕೈ ಮೊಳೆಯ ಉದ್ದಕ್ಕಿಂತ ಬಹಳ ದೂರ ಇರಬೇಕು. ಕನ್ನಡಕ ಇಬ್ಬರಿಗೂ ಬೇಕು. ಮೊಳೆ ಸಿಕ್ಕಿಕೊಂಡರೆ ಮೊದಲು ಗಾಳಿಯ ಪೈಪ್ ಬಿಚ್ಚಿ, ಆಮೇಲೆ ಕೈ ಹಾಕಿ. ಮೂತಿಯನ್ನು ಮರಕ್ಕೆ ಒತ್ತದೆ ಮೊಳೆ ಹಾರಿಸದ ಗನ್ನನ್ನೇ ಕೇಳಿ ತಗೊಳ್ಳಿ. ಅದರಲ್ಲೂ ಒಂದು ಸಲ ಒತ್ತಿದರೆ ಒಂದೇ ಮೊಳೆ ಹೋಗುವಂಥದ್ದು ಬೇಕು.

ಕೈ ನಡುಕಕ್ಕೊಂದು ಪರೀಕ್ಷೆ ಇದೆ. ಗನ್ನಿನ ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಕೊಳ್ಳುವ ಮೊದಲು, ಗಾಳಿ ಹಾಕದ ಗನ್ನಿನ ಮೂತಿಯನ್ನು ಹಲಗೆಯ ಮೇಲೆಳೆದ ಪೆನ್ಸಿಲ್ ಗೆರೆಗೆ ಒತ್ತಿ ಹಿಡಿದು ಹತ್ತು ಎಣಿಸಿ. ಗೆರೆ ಬಿಟ್ಟು ಸರಿಯದಿದ್ದರೆ ಕೊಳ್ಳಿ. ಸರಿದರೆ ಆಚಾರಿಯನ್ನು ಅರ್ಧ ದಿನ ಕರೆಸಿ. ಮೊಳೆ ಅವರು ಹೊಡೆಯಲಿ, ಉಳಿದದ್ದು ನೀವಿಬ್ಬರೂ ಮಾಡಿ. ವರ್ಷಕ್ಕೊಂದೇ ಶೆಲ್ಫ್ ಮಾಡುವವರಿಗೂ ಇದೇ ಲಾಭ.

ಮಕ್ಕಳೇ, ಗನ್ನಿನ ಟ್ರಿಗರ್ ನಿಮ್ಮ ಕೈಗಲ್ಲ. ಅಜ್ಜ ಮುದ್ದಿನಿಂದ ಕೊಟ್ಟರೂ ಬೇಡ ಅನ್ನಿ. ಅಳತೆ, ಗೆರೆ, ಅಂಟು, ಒತ್ತಡದ ಮೀಟರ್ ಓದುವುದು ನಿಮ್ಮ ಪಾಲು. ಅಳತೆ ತಪ್ಪಿದರೆ ಗನ್ ಏನೂ ಮಾಡಲಾರದು, ಹಾಗಾಗಿ ದೊಡ್ಡ ಕೆಲಸ ನಿಮ್ಮದೇ.

ಈ ವಾರದ ಲೆಕ್ಕ: ಪೆಟ್ರೋಲ್ ಬಂಕಿನಲ್ಲಿ ಕಾರಿನ ಟೈರಿಗೆ 32 ಪಿಎಸ್‌ಐ ಗಾಳಿ ತುಂಬಿದರು. 14.5 ಪಿಎಸ್‌ಐ ಅಂದರೆ ಒಂದು ಬಾರ್. ನಮ್ಮ ಗನ್ನಿಗೆ 6 ಬಾರ್ ಬೇಕು. ಅದು ಟೈರಿನ ಒತ್ತಡದ ಎಷ್ಟು ಪಟ್ಟು? ಅಜ್ಜನಿಗೆ ಮೊದಲು ಹೇಳಬೇಡಿ, ಅವರೂ ಬಿಡಿಸಲಿ.