ಮನೆಯೇ ಕಾರ್ಖಾನೆಯಾದಾಗ: ನೌಕರರೋ, ಸ್ವತಂತ್ರ ಗುತ್ತಿಗೆದಾರರೋ?

ಗೋಕಾಕ ಜಲಪಾತದ ಬಳಿ 19ನೇ ಶತಮಾನದ ಕೊನೆಯಲ್ಲಿ ಹತ್ತಿಗಿರಣಿ ಆರಂಭವಾದಾಗ, ಮಾಲೀಕರಾರು, ಕಾರ್ಮಿಕರಾರು ಎಂಬ ಪ್ರಶ್ನೆಗೆ ಗಿರಣಿಯ ಬಾಗಿಲೇ ಉತ್ತರ ಹೇಳುತ್ತಿತ್ತು. ಪಾಳಿಯ ಹೊತ್ತಿಗೆ ಬಾಗಿಲೊಳಗೆ ಬಂದವರು ಕಾರ್ಮಿಕರು. ಪಗಾರ ಎಣಿಸಿ ಕೊಟ್ಟವರು ಮಾಲೀಕರು. ಗಣಕಯಂತ್ರ ಮತ್ತು ಅಂತರಜಾಲಗಳು ಆ ಬಾಗಿಲನ್ನೇ ಇಲ್ಲವಾಗಿಸಿವೆ. ಗೋಕಾಕ ತಾಲ್ಲೂಕಿನ ಅಂಕಲಗಿಯಂಥ ಊರಿನಲ್ಲಿ ಪದವೀಧರ ಗೃಹಿಣಿಯೊಬ್ಬರು ಕಿವಿಗೆ ಹೆಡ್‌ಫೋನ್ ಧರಿಸಿ, ಅಮೆರಿಕದ ವೈದ್ಯರ ಧ್ವನಿಯನ್ನು ಆಲಿಸಿ, ರೋಗಿಯ ವರದಿಯನ್ನು ಟೈಪ್ ಮಾಡುವುದು ತಾಂತ್ರಿಕವಾಗಿ ಇಂದು ಏನೂ ಕಷ್ಟವಲ್ಲ. ಅವರು ಆ ಕೆಲಸ ಕೊಟ್ಟ ಉದ್ಯಮಿಯ ನೌಕರರೋ, ಸ್ವತಂತ್ರ ಗುತ್ತಿಗೆದಾರರೋ ಎಂಬುದು ಮಾತ್ರ ಅಷ್ಟು ಸುಲಭದ ಪ್ರಶ್ನೆಯಲ್ಲ.

ಇದು ವಕೀಲರ ಚರ್ಚೆಗೆ ಬಿಟ್ಟುಬಿಡಬಹುದಾದ ವಿಷಯವೂ ಅಲ್ಲ. ದೊಡ್ಡ ನಗರದ ಕಂಪನಿಯಿಂದ ಉಪಗುತ್ತಿಗೆ ಪಡೆದು ಹತ್ತಿಪ್ಪತ್ತು ಮನೆಗಳಿಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಹಂಚುವವರಿಗೆ ಅನ್ವಯಿಸುವ ತತ್ತ್ವವೇ, ಮನೆಗಳಿಗೆ ಬಟ್ಟೆ ಕೊಟ್ಟು ಹೊಲಿಸುವವರಿಗೂ ತಿನಿಸಿನ ಪೊಟ್ಟಣ ಕಟ್ಟಿಸುವವರಿಗೂ ಅನ್ವಯಿಸುತ್ತದೆ. ಆ ತತ್ತ್ವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಸಂಬಂಧವನ್ನು ನಿರ್ಧರಿಸುವುದು ಕರಾರುಪತ್ರದ ತಲೆಬರಹವಲ್ಲ, ಕೆಲಸದ ಮೇಲಿನ ಹಿಡಿತ. ಹಿಡಿತ ಬೇಕೆನ್ನುವವರು ಮಾಲೀಕರ ಹೊಣೆಯನ್ನೂ ಹೊರಬೇಕು. ಹೊಣೆ ಬೇಡವೆನ್ನುವವರು ಹಿಡಿತವನ್ನೂ ಬಿಡಬೇಕು.

ಕೆಲಸದ ಸ್ವರೂಪ

ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ವೃತ್ತಿಯಲ್ಲಿ ಸಂಭಾವನೆ ಸಾಮಾನ್ಯವಾಗಿ ಸಾಲಿನ ಲೆಕ್ಕದಲ್ಲಿರುತ್ತದೆ. ಖಾಲಿ ಜಾಗವೂ ಸೇರಿ 65 ಅಕ್ಷರಚಿಹ್ನೆಗಳನ್ನು ಒಂದು ಸಾಲೆಂದು ಎಣಿಸುವುದು ಬಹುಕಾಲದ ರೂಢಿ. ಸಾಲಿನ ಲೆಕ್ಕದ ಹಣ, ಸ್ವಂತ ಮನೆ, ಸ್ವಂತ ಕಂಪ್ಯೂಟರ್ — ಇಷ್ಟನ್ನೇ ನೋಡಿದರೆ ಸ್ವತಂತ್ರ ವೃತ್ತಿಯಂತೆ ತೋರುತ್ತದೆ. ಒಳಹೊಕ್ಕು ನೋಡಿದರೆ ಚಿತ್ರ ಬೇರೆ. ಕಡತವನ್ನು ಯಾರಿಗೆ ಕಳುಹಿಸಬೇಕೆಂದು ನಿರ್ಧರಿಸುವುದು ಕಂಪನಿ. ಎಷ್ಟು ಗಂಟೆಯೊಳಗೆ ಹಿಂತಿರುಗಿಸಬೇಕೆಂಬ ಗಡುವೂ ಅದರದೇ. ವಾಕ್ಯದ ರೂಪ, ಔಷಧದ ಹೆಸರು ಬರೆಯುವ ಕ್ರಮ, ಸಂಕ್ಷೇಪಾಕ್ಷರಗಳ ಬಳಕೆಗೆ ಗ್ರಾಹಕ ಆಸ್ಪತ್ರೆಯ ನಿಯಮಾವಳಿ ಇರುತ್ತದೆ. ಗುಣಮಟ್ಟ ಪರೀಕ್ಷಕರು ಪ್ರತಿ ತಪ್ಪಿಗೂ ಅಂಕ ಕಳೆಯುತ್ತಾರೆ; ನಿಗದಿತ ಮಟ್ಟ ಮುಟ್ಟದ ಕಡತ ಹಿಂದಿರುಗುತ್ತದೆ.

ಇದರಲ್ಲಿ ಅನ್ಯಾಯವೇನೂ ಇಲ್ಲ. ಒಂದು ದಶಾಂಶ ಬಿಂದು ತಪ್ಪಿದರೂ ಔಷಧದ ಪ್ರಮಾಣ ಹತ್ತು ಪಟ್ಟು ಏರುಪೇರಾಗುವ ಕೆಲಸವಿದು. ರೋಗಿಯ ಗೌಪ್ಯತೆಯನ್ನು ಅಮೆರಿಕದ 1996ರ ‘ಹಿಪಾ’ ಕಾಯ್ದೆ ಕಟ್ಟುನಿಟ್ಟಾಗಿ ಕಾಯುತ್ತದೆ. ಆದ್ದರಿಂದ ಬಿಗಿಯಾದ ಹಿಡಿತ ಈ ವೃತ್ತಿಯ ಸಹಜಗುಣ. ಹಾಗಿರುವಾಗ ಅದೇ ವೃತ್ತಿಯನ್ನು ‘ಸ್ವತಂತ್ರ’ ಎಂದು ಕರೆಯುವುದರಲ್ಲಿಯೇ ವಿರೋಧಾಭಾಸವಿದೆ.

ನ್ಯಾಯಾಲಯಗಳು ಕಂಡ ಬಗೆ

ಹೊಸ ಉದ್ಯೋಗವಾದರೂ ಪ್ರಶ್ನೆ ಹಳೆಯದು. ಸೌರಾಷ್ಟ್ರದ ಧ್ರಾಂಗಧ್ರಾ ಕೆಮಿಕಲ್ಸ್ ಪ್ರಕರಣದಲ್ಲಿ ಉಪ್ಪು ತಯಾರಿಸುವ ಅಗರಿಯಾಗಳಿಗೆ ತೂಕದ ಲೆಕ್ಕದಲ್ಲಿ ಹಣ ಸಂದಾಯವಾಗುತ್ತಿತ್ತು. ಅವರು ಸಹಾಯಕರನ್ನೂ ಇಟ್ಟುಕೊಳ್ಳುತ್ತಿದ್ದರು. ಆದರೂ ಅವರು ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1973ರ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ದರ್ಜಿಗಳಿಗೆ ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೂಲಿ ಸಿಗುತ್ತಿತ್ತು. ಬಟ್ಟೆ ಸರಿಯಾಗಿಲ್ಲವೆಂದು ತಿರಸ್ಕರಿಸಿ ಮತ್ತೆ ಹೊಲಿಯಲು ಹೇಳುವ ಅಧಿಕಾರ ಅಂಗಡಿಯವರಿಗೆ ಇದ್ದುದನ್ನು ನ್ಯಾಯಾಲಯ ಮುಖ್ಯವಾಗಿ ಪರಿಗಣಿಸಿ, ದರ್ಜಿಗಳು ನೌಕರರೇ ಎಂದಿತು.

ಮನೆಗೆಲಸದ ಮಟ್ಟಿಗೆ ಹೆಚ್ಚು ಹತ್ತಿರದ ನಿದರ್ಶನ ಬೀಡಿ ಉದ್ಯಮದ್ದು. ನಿಪ್ಪಾಣಿಯ ತಂಬಾಕು ವ್ಯಾಪಾರವನ್ನು ಕಂಡ ಬೆಳಗಾವಿ ಜಿಲ್ಲೆಗೆ ಅದು ಅಪರಿಚಿತವಲ್ಲ. ಎಲೆ, ತಂಬಾಕು ಮನೆಗೆ ಬರುತ್ತವೆ; ಕಟ್ಟಿದ ಬೀಡಿ ಹಿಂದಿರುಗುತ್ತದೆ; ನಡುವೆ ಗುತ್ತಿಗೆದಾರರಿರುತ್ತಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಒಳಗೊಂಡಿತು. ಅದನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಪ್ರಕರಣದಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯ ನಿಧಿ ಅನ್ವಯಿಸುತ್ತದೆ, ಕೆಟ್ಟ ಬೀಡಿಯನ್ನು ತಿರಸ್ಕರಿಸುವ ಹಕ್ಕೇ ಸಾಕಷ್ಟು ಹಿಡಿತವಾಗುತ್ತದೆ ಎಂದು ತೀರ್ಮಾನವಾಯಿತು. ಬೀಡಿಯ ಜಾಗದಲ್ಲಿ ವೈದ್ಯಕೀಯ ವರದಿಯನ್ನಿಟ್ಟು ನೋಡಿದರೆ ಎರಡರ ಹೋಲಿಕೆ ತಾನಾಗಿ ಗೋಚರಿಸುತ್ತದೆ.

ಕಾನೂನು ನಿಜವಾದ ಗುತ್ತಿಗೆಯನ್ನು ಒಪ್ಪುವುದೇ ಇಲ್ಲವೆಂದಲ್ಲ. ಚಿಂತಾಮಣ ರಾವ್ ಪ್ರಕರಣದಲ್ಲಿ ಬೀಡಿ ಸರಬರಾಜು ಮಾಡುವ ‘ಸಟ್ಟೇದಾರ’ರನ್ನು ಸ್ವತಂತ್ರ ಗುತ್ತಿಗೆದಾರರೆಂದೇ ಪರಿಗಣಿಸಲಾಯಿತು, ಎಲ್ಲಿ, ಯಾರಿಂದ ಬೀಡಿ ಕಟ್ಟಿಸಬೇಕೆಂಬುದು ಅವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಅಂಥ ಸ್ವಾತಂತ್ರ್ಯ ನಿಜವಾಗಿ ಇದೆಯೇ ಎಂಬುದೇ ಪ್ರತಿ ಪ್ರಕರಣದಲ್ಲಿಯೂ ಕೇಳಬೇಕಾದ ಪ್ರಶ್ನೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020 ‘ಮನೆ ಆಧಾರಿತ ಕಾರ್ಮಿಕ’ ಎಂಬ ವ್ಯಾಖ್ಯೆಯನ್ನೇ ಒಳಗೊಂಡಿದೆ. ಉಪಕರಣ, ಸಾಮಗ್ರಿಗಳನ್ನು ಮಾಲೀಕರು ಒದಗಿಸಲಿ, ಬಿಡಲಿ, ಸಂಭಾವನೆಗಾಗಿ ಅವರ ಸರಕನ್ನೋ ಸೇವೆಯನ್ನೋ ತನ್ನ ಮನೆಯಲ್ಲಿ ಸಿದ್ಧಪಡಿಸುವ ವ್ಯಕ್ತಿ ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಇಷ್ಟರಿಂದಲೇ ಭವಿಷ್ಯ ನಿಧಿಯ ಹೊಣೆ ಹುಟ್ಟುತ್ತದೆ ಎಂದಲ್ಲ. ಆದರೆ ‘ಕಂಪ್ಯೂಟರ್ ಅವರದೇ’ ಎಂಬ ಉತ್ತರವೊಂದನ್ನೇ ನೆಚ್ಚಿಕೊಳ್ಳುವ ಕಾಲ ಮುಗಿದಿದೆ.

ಲೆಕ್ಕದ ಪುಸ್ತಕದಲ್ಲಿ

ಇಪ್ಪತ್ತು ಮಂದಿಗೆ ಮನೆಗೆಲಸ ಹಂಚಿ, ಎಲ್ಲರನ್ನೂ ಗುತ್ತಿಗೆದಾರರೆಂದು ಬರೆದುಕೊಂಡ ಉದ್ಯಮಿಯೊಬ್ಬರ ಉದಾಹರಣೆ ತೆಗೆದುಕೊಳ್ಳಬಹುದು. ಲೆಕ್ಕ ಸುಲಭವಾಗಲೆಂದು ತಲಾ ಗಳಿಕೆ ತಿಂಗಳಿಗೆ ರೂ. 10,000 ಎಂದಿಟ್ಟುಕೊಂಡರೆ ಒಟ್ಟು ರೂ. 2,00,000. ಮೂರು ವರ್ಷದ ನಂತರ ಅವರೆಲ್ಲರೂ ನೌಕರರೆಂದು ತೀರ್ಮಾನವಾದರೆ, ಮಾಲೀಕರ ಪಾಲು 12 ಪ್ರತಿಶತ, ಕಾರ್ಮಿಕರ ಪಾಲು 12 ಪ್ರತಿಶತ ಸೇರಿ ತಿಂಗಳಿಗೆ ರೂ. 48,000, 36 ತಿಂಗಳಿಗೆ ರೂ. 17,28,000. ಬಡ್ಡಿ ಮತ್ತು ದಂಡದ ರೂಪದ ನಷ್ಟಭರ್ತಿ ಇದಕ್ಕೆ ಹೊರತು. ಕಳೆದುಹೋದ ತಿಂಗಳುಗಳ ಕಾರ್ಮಿಕರ ಪಾಲನ್ನು ಅವರಿಂದ ಮುರಿದುಕೊಳ್ಳುವುದಕ್ಕೆ ಅವಕಾಶ ತೀರ ಕಡಿಮೆಯಾದ್ದರಿಂದ ಎರಡೂ ಪಾಲು ಉದ್ಯಮಿಯ ತಲೆಗೇ ಬರುತ್ತವೆ. ಕೆಲಸ ಕೊಟ್ಟ ದೊಡ್ಡ ಕಂಪನಿ ಅಷ್ಟರಲ್ಲಿ ಒಪ್ಪಂದ ಮುಗಿಸಿ ಹೋಗಿರಲೂಬಹುದು. ತಿಂಗಳು ತಿಂಗಳು ಉಳಿಸಿದಂತೆ ಕಂಡ ಹಣ, ವಾಸ್ತವದಲ್ಲಿ ಪುಸ್ತಕಕ್ಕೆ ಹತ್ತದ ಸಾಲ.

ಗುತ್ತಿಗೆಯ ಲೆಕ್ಕದಲ್ಲಿ ಆದಾಯ ತೆರಿಗೆ ಮುರಿದುಕೊಂಡಿದ್ದೇ ರಕ್ಷಣೆಯೆಂದು ಕೆಲವರು ಭಾವಿಸುತ್ತಾರೆ. ತೆರಿಗೆ ಕಡಿತದ ಬಗೆ ಒಂದು ಸಾಕ್ಷ್ಯವಾಗಬಹುದೇ ಹೊರತು ಸಂಬಂಧದ ಸ್ವರೂಪವನ್ನು ಅದೊಂದೇ ನಿರ್ಧರಿಸುವುದಿಲ್ಲ. ಅಮೆರಿಕದಲ್ಲಿಯೂ ಕಂದಾಯ ಇಲಾಖೆ ನೋಡುವುದು ಕೆಲಸದ ಮೇಲಿನ ಹಿಡಿತ, ಹಣಕಾಸಿನ ಹಿಡಿತ ಮತ್ತು ಪರಸ್ಪರ ಸಂಬಂಧದ ಬಗೆಯನ್ನು.

ಎದುರು ವಾದ

ಸಣ್ಣ ಉದ್ಯಮಿಗಳ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಕೆಲಸದ ಹರಿವು ಒಂದೇ ಸಮನಾಗಿರುವುದಿಲ್ಲ. ಧ್ವನಿಯನ್ನು ತಾನೇ ಅಕ್ಷರಕ್ಕಿಳಿಸುವ ತಂತ್ರಾಂಶಗಳು ಬಂದಿವೆ. ಟೈಪ್ ಮಾಡುವ ಕೆಲಸ ಯಂತ್ರದ ತಪ್ಪು ತಿದ್ದುವ ಕೆಲಸವಾಗಿ ಬದಲಾಗುತ್ತಿದ್ದು, ಸಾಲಿನ ದರ ಇಳಿಯುತ್ತಿದೆ. ಮನೆಯ ಕೆಲಸ ಮುಗಿಸಿ ಬಿಡುವಾದಾಗ ದುಡಿಯಬಯಸುವ ಮಹಿಳೆಯರಿಗೆ ಸಮಯದ ಸ್ವಾತಂತ್ರ್ಯವೂ ಬೇಕು.

ಆದರೆ ನೌಕರಿ ಎಂದರೆ ಬೆಳಗಿನಿಂದ ಸಂಜೆಯವರೆಗಿನ ಹಾಜರಿ ಎಂಬ ಕಲ್ಪನೆ ಸರಿಯಲ್ಲ. ಕೆಲಸದ ಪ್ರಮಾಣಕ್ಕೆ ತಕ್ಕ ಕೂಲಿಯೂ ಅರೆಕಾಲದ ದುಡಿಮೆಯೂ ನೌಕರಿಯ ಚೌಕಟ್ಟಿನೊಳಗೇ ಸಾಧ್ಯ. ಸಾಧಾರಣ ವೇಗದ ಕೆಲಸಗಾರರು ಒಂದು ದಿನ ದುಡಿದರೆ ಕನಿಷ್ಠ ವೇತನಕ್ಕಿಂತ ಕಡಿಮೆಯಾಗದಂತೆ ಸಾಲಿನ ದರ ನಿಗದಿಯಾಗಿರಬೇಕು, ಅಷ್ಟೆ. ಕೆಲಸ ಬರುವುದೆಂದು ಕಾದು ಕುಳಿತ ಹೊತ್ತು, ವಿದ್ಯುತ್ತು, ಬ್ರಾಡ್‌ಬ್ಯಾಂಡ್, ಯಂತ್ರದ ಸವಕಳಿ ಇವೆಲ್ಲ ಯಾರದೋ ಖರ್ಚು. ಅದನ್ನು ಲೆಕ್ಕಕ್ಕೆ ತರದ ದರ ಅಗ್ಗದ ದರವಲ್ಲ. ಬೇರೊಬ್ಬರ ಕಿಸೆಯಿಂದ ತೆಗೆದ ರಿಯಾಯಿತಿ. ನುರಿತ ಕೆಲಸಗಾರರು ಅದನ್ನು ಬೇಗ ಅರಿತು ಕೆಲಸ ಬಿಡುತ್ತಾರೆ. ತಿಂಗಳುಗಟ್ಟಲೆ ಕೊಟ್ಟ ತರಬೇತಿಯ ಖರ್ಚು ಅವರೊಂದಿಗೇ ಹೋಗುತ್ತದೆ.

ಮುಂದಿನ ದಾರಿ

ಕರಾರು ಬರೆಯುವ ಮೊದಲು ಉದ್ಯಮಿಗಳು ಕೆಲವು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಕಂಡುಕೊಳ್ಳುವುದು ಒಳಿತು. ಕೊಟ್ಟ ಕಡತವನ್ನು ಬೇಡವೆನ್ನುವ ಹಕ್ಕು ಕೆಲಸಗಾರರಿಗೆ ಇದೆಯೇ? ಅವರು ಬೇರೆ ಕಂಪನಿಯ ಕೆಲಸವನ್ನೂ ಮಾಡಬಹುದೇ? ದರದ ಬಗ್ಗೆ ಚೌಕಾಸಿ ಮಾಡುವ ಶಕ್ತಿ ಅವರಿಗಿದೆಯೇ? ತಮ್ಮ ಬದಲಿಗೆ ಇನ್ನೊಬ್ಬರಿಂದ ಮಾಡಿಸಬಹುದೇ? ಲಾಭನಷ್ಟದ ಹೊಣೆ ಅವರದೇ? ಉತ್ತರಗಳು ಬಹುಪಾಲು ‘ಹೌದು’ ಎಂದಾದರೆ ಗುತ್ತಿಗೆಯ ಕರಾರು ನ್ಯಾಯವಾದದ್ದು. ಬಹುಪಾಲು ‘ಇಲ್ಲ’ ಎಂದಾದರೆ ಅವರನ್ನು ನೌಕರರೆಂದೇ ದಾಖಲಿಸಿ, ಆ ವೆಚ್ಚವನ್ನು ಮೇಲಿನ ಕಂಪನಿಗೆ ಕೊಡುವ ದರದಲ್ಲಿ ಮೊದಲೇ ಸೇರಿಸುವುದು ಜಾಣತನ. ಆ ದರಕ್ಕೆ ಒಪ್ಪದ ಗ್ರಾಹಕರಿಂದ ಬರುವ ಲಾಭ ನಿಜವಾದ ಲಾಭವೇ ಅಲ್ಲ.

ಮೂರನೆಯ ದಾರಿಯೂ ಇದೆ. ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ವಿತರಣೆಯನ್ನೇ ಸಹಕಾರಿ ಸಂಘವೊಂದು 1969ರಿಂದ ಸಂಘಟಿಸಿ ತೋರಿಸಿತು. ಕಂಬ, ತಂತಿ, ಬಿಲ್ಲುಗಳ ವ್ಯವಹಾರ ಸಹಕಾರದಿಂದ ಸಾಧ್ಯವಾದ ಪ್ರದೇಶದಲ್ಲಿ, ಟ್ರಾನ್ಸ್‌ಕ್ರಿಪ್ಷನ್ ಬಲ್ಲ ಮಹಿಳೆಯರು ತಮ್ಮದೇ ಸಂಘ ಕಟ್ಟಿ ಕಂಪನಿಗಳೊಡನೆ ನೇರ ಕರಾರು ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಆಗ ಗುತ್ತಿಗೆದಾರರೆಂಬ ಹೆಸರಿಗೆ ಅರ್ಥ ಬರುತ್ತದೆ. ಉದ್ಯಮಿಗೂ ಹೊಣೆಯುಳ್ಳ ಸರಬರಾಜುದಾರರು ದೊರೆಯುತ್ತಾರೆ.

ವ್ಯಾಪಾರದಲ್ಲಿ ಮಾಲಿನ ಮೇಲೆ ಅಂಟಿಸಿದ ಚೀಟಿಗೂ ಒಳಗಿನ ಮಾಲಿಗೂ ತಾಳೆಯಾಗಬೇಕೆಂಬುದು ಪ್ರತಿ ವರ್ತಕರೂ ಬಲ್ಲ ಮಾತು. ಮನೆಯಲ್ಲಿ ಕುಳಿತು ದುಡಿಯುವವರ ಕರಾರುಪತ್ರಕ್ಕೂ ಅದೇ ನಿಯಮ ಸಲ್ಲುತ್ತದೆ.