ಕಪ್ಪು ಅಂಗಿಯ ರೆಫರಿ ಯಾವ ಲಾಡ್ಜಿನವನು?

ಕನ್ನಡಿಗರಿಬ್ಬರು ಮುಂಬೈ ಲೋಕಲ್‌ನಲ್ಲೋ ದೆಹಲಿಯ ಮೆಟ್ರೋದಲ್ಲೋ ಪರಿಚಯವಾದರೆ ಮಾತು ಊರಿನಿಂದ ಶುರುವಾಗುತ್ತದೆ. ಯಾವ ಊರು, ಯಾವ ಓಣಿ, ಮನೆದೇವರು ಯಾವುದು? ಎಷ್ಟೋ ಸಲ ಕೇಳುವವರಿಗೆ ಬೇಕಾಗಿರುವುದು ಊರಲ್ಲ, "ತಾವು ಯಾವ ಪೈಕಿ" ಎಂಬುದರ ಉತ್ತರ. ನೇರವಾಗಿ ಕೇಳಲು ಸಂಕೋಚ, ಕೇಳದೆ ಇದ್ದರೆ ಸಮಾಧಾನವಿಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲೂ ಇಂಥದೇ ಸುತ್ತುಬಳಸಿನ ಪ್ರಶ್ನೆಯೊಂದಿದೆ: "ಯಾವ ಸ್ಕೂಲಿನಲ್ಲಿ ಓದಿದ್ದು?" ಅಲ್ಲಿ 1918ರ ಶಿಕ್ಷಣ ಕಾಯ್ದೆಯಿಂದಾಗಿ ಕ್ಯಾಥಲಿಕ್ ಶಾಲೆಗಳು ಸರ್ಕಾರದ ಹಣದಲ್ಲೇ ಪ್ರತ್ಯೇಕವಾಗಿ ನಡೆಯುತ್ತವೆ. ಶಾಲೆಯ ಹೆಸರಿನಲ್ಲಿ ಸಂತರೊಬ್ಬರು ಇದ್ದರೆ ಕೇಳಿದವನಿಗೆ ಉತ್ತರ ಸಿಕ್ಕಂತೆ. ಅಷ್ಟಕ್ಕೂ ಸಾಲದಿದ್ದರೆ ಎರಡನೆಯ ಪ್ರಶ್ನೆ: "ಯಾವ ಟೀಮು?" ಸೆಲ್ಟಿಕ್ ಎಂದರೆ ಹಸಿರು, ಐರಿಷ್ ಮೂಲ, ಕ್ಯಾಥಲಿಕ್. ರೇಂಜರ್ಸ್ ಎಂದರೆ ನೀಲಿ, ಬ್ರಿಟಿಷ್ ರಾಜನಿಷ್ಠೆ, ಪ್ರಾಟೆಸ್ಟೆಂಟ್. ಎಲ್ಲ ಅಭಿಮಾನಿಗಳೂ ಈ ಲೆಕ್ಕಕ್ಕೆ ಸಿಗುವುದಿಲ್ಲ, ಆದರೆ ಲೆಕ್ಕ ಇರುವುದು ಹಾಗೆ.

ಮೂರನೆಯ ಪ್ರಶ್ನೆಯೂ ಒಂದಿದೆ. ಅದು ರೆಫರಿಯ ಕುರಿತದ್ದು. ಸೆಲ್ಟಿಕ್ ವಿರುದ್ಧ ಪೆನಾಲ್ಟಿ ಹೋಯಿತೋ, ಹಸಿರು ಗ್ಯಾಲರಿಯಿಂದ ಕೂಗು ಏಳುತ್ತದೆ: ಆ ಕಪ್ಪು ಅಂಗಿಯವನು ಮೇಸನ್! ಅಂದರೆ ಫ್ರೀಮೇಸನ್, ಗುಟ್ಟಿನ ಕೈಕುಲುಕಿನಲ್ಲಿ ತನ್ನವರನ್ನು ಗುರುತಿಸಿಕೊಳ್ಳುವ ಸಂಘದ ಸದಸ್ಯ, ಆದ್ದರಿಂದ ರೇಂಜರ್ಸ್ ಕಡೆಯವನು ಎಂಬ ಆರೋಪ. ಅರ್ಧ ತಮಾಷೆ, ಅರ್ಧ ನಂಬಿಕೆ. ಈ ನಂಬಿಕೆಯ ಹಿಂದೆ ನಿಜವಾದ ನೋವಿದೆ. ಆದರೆ ಆ ನೋವಿಗೆ ಈ ನಂಬಿಕೆಯಿಂದ ಯಾವ ಉಪಕಾರವೂ ಆಗಿಲ್ಲ, ಅಪಕಾರವೇ ಆಗಿದೆ. ಯಾಕೆಂದು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರೇಂಜರ್ಸ್ 1872ರಲ್ಲಿ ನಾಲ್ಕು ಹುಡುಗರು ಕಟ್ಟಿದ ಕ್ಲಬ್. ಅದರ ಹುಟ್ಟಿನಲ್ಲಿ ಮತದ ಮಾತೇ ಇರಲಿಲ್ಲ. ಸೆಲ್ಟಿಕ್ ಹುಟ್ಟಿದ್ದು 1887ರಲ್ಲಿ. ಬ್ರದರ್ ವಾಲ್‌ಫ್ರಿಡ್ ಎಂಬ ಐರಿಷ್ ಧರ್ಮಸೇವಕರು ಗ್ಲಾಸ್ಗೋದ ಪೂರ್ವಭಾಗದ ಬಡ ಮಕ್ಕಳ ಊಟಕ್ಕೆ ಹಣ ಕೂಡಿಸಲು ಆ ಕ್ಲಬ್ ಕಟ್ಟಿದರು. ಆ ಮಕ್ಕಳಲ್ಲಿ ಬಹಳಷ್ಟು ಜನ ಆಲೂಗಡ್ಡೆ ಬರಗಾಲದ ನಂತರ ಐರ್ಲೆಂಡಿನಿಂದ ವಲಸೆ ಬಂದ ಕುಟುಂಬಗಳವರು. 1888ರ ಮೇ 28ರಂದು ಸೆಲ್ಟಿಕ್ ಆಡಿದ ಮೊದಲ ಪಂದ್ಯ ರೇಂಜರ್ಸ್ ಜೊತೆಗೇ. ಅದು ಸ್ನೇಹಪಂದ್ಯ, 5-2ರಿಂದ ಸೆಲ್ಟಿಕ್ ಗೆದ್ದಿತು.

ಸ್ನೇಹ ಹೋಗಿ ಮತ ಬಂದದ್ದು ಮೈದಾನದ ಹೊರಗಿನಿಂದ. ಐರ್ಲೆಂಡಿಗೆ ಸ್ವಯಮಾಡಳಿತ ಕೊಡಬೇಕೇ ಬೇಡವೇ ಎಂಬ ಜಗಳ ಬ್ರಿಟಿಷ್ ರಾಜಕಾರಣವನ್ನು ಇಬ್ಭಾಗ ಮಾಡಿತ್ತು. ಅದರ ನಡುವೆ 1912ರಲ್ಲಿ ಬೆಲ್‌ಫಾಸ್ಟಿನ ಹಾರ್ಲ್ಯಾಂಡ್ ಆ್ಯಂಡ್ ವುಲ್ಫ್ ಕಂಪನಿ, ರೇಂಜರ್ಸ್ ಮೈದಾನವಿರುವ ಗೋವನ್ ಪ್ರದೇಶದಲ್ಲಿ ಹಡಗುಕಟ್ಟೆ ತೆರೆಯಿತು. ಅದರೊಂದಿಗೆ ಬೆಲ್‌ಫಾಸ್ಟಿನ ಪ್ರಾಟೆಸ್ಟೆಂಟ್ ಕೆಲಸಗಾರರೂ ಬಂದರು, ಅವರ ಹಗೆಯೂ ಬಂತು. 1923ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆಯ ಮುಂದೆ ಒಂದು ವರದಿ ಮಂಡನೆಯಾಯಿತು. ಐರಿಷ್ ಜನಾಂಗದಿಂದ ಸ್ಕಾಟಿಷ್ ರಾಷ್ಟ್ರೀಯತೆಗೆ ಅಪಾಯ ಎಂಬುದು ಅದರ ತಲೆಬರಹದ ಸಾರ. ಅದಕ್ಕಾಗಿ ಚರ್ಚು ವಿಷಾದ ಸೂಚಿಸಿದ್ದು 2002ರಲ್ಲಿ.

ಇಂಥ ಗಾಳಿಯಲ್ಲಿ ರೇಂಜರ್ಸ್ ಒಂದು ಪದ್ಧತಿ ಬೆಳೆಸಿಕೊಂಡಿತು. ಮೊದಲ ಮಹಾಯುದ್ಧದ ಕಾಲದಿಂದ ಸುಮಾರು ಏಳು ದಶಕ, ಕ್ಯಾಥಲಿಕ್ ಎಂದು ಗೊತ್ತಿರುವ ಪ್ರಮುಖ ಆಟಗಾರನನ್ನು ಅದು ತೆಗೆದುಕೊಳ್ಳಲಿಲ್ಲ. ಅಲೆಕ್ಸ್ ಫರ್ಗ್ಯುಸನ್ 1967ರಲ್ಲಿ ರೇಂಜರ್ಸ್ ಸೇರಿದಾಗ ಅವರ ಹೆಂಡತಿ ಕ್ಯಾಥಲಿಕ್ ಎಂಬ ವಿಷಯವೂ ವಿಚಾರಣೆಗೆ ಬಂತು. ಸೆಲ್ಟಿಕ್ ಹಾಗೆ ಮಾಡಲಿಲ್ಲ. 1967ರಲ್ಲಿ ಅದಕ್ಕೆ ಯುರೋಪಿಯನ್ ಕಪ್ ತಂದುಕೊಟ್ಟ ಮ್ಯಾನೇಜರ್ ಜಾಕ್ ಸ್ಟೀನ್ ಪ್ರಾಟೆಸ್ಟೆಂಟ್. ಅದರ ದೊಡ್ಡ ಆಟಗಾರರಲ್ಲೊಬ್ಬರಾದ ಕೆನ್ನಿ ಡಾಲ್ಗ್ಲಿಷ್ ಬಾಲ್ಯದಲ್ಲಿ ರೇಂಜರ್ಸ್ ಅಭಿಮಾನಿ. 1989ರ ಜುಲೈಯಲ್ಲಿ ಗ್ರೇಮ್ ಸೂನೆಸ್ ಅವರು ಮೊ ಜಾನ್‌ಸ್ಟನ್ ಎಂಬ ಕ್ಯಾಥಲಿಕ್ ಆಟಗಾರನನ್ನು, ಅದೂ ಹಿಂದೆ ಸೆಲ್ಟಿಕ್‌ಗೆ ಆಡಿದವನನ್ನು, ರೇಂಜರ್ಸ್‌ಗೆ ಕರೆತಂದಾಗ ಕೆಲವು ಅಭಿಮಾನಿಗಳು ತಮ್ಮ ಸ್ಕಾರ್ಫುಗಳನ್ನೇ ಸುಟ್ಟರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ತಂಡಕ್ಕೆ ಇಟಲಿಯ ಕ್ಯಾಥಲಿಕ್ ಲೊರೆನ್ಜೊ ಅಮೊರುಸೊ ನಾಯಕರಾಗಿದ್ದರು.

ಇಲ್ಲಿ ಗಮನಿಸಬೇಕಾದ್ದು ಒಂದು. ಈ ಏಳು ದಶಕದ ಭೇದದಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಪೇಪರು ಓದುವವರಿಗೆ, ಟಿಕೆಟ್ ಕೊಳ್ಳುವವರಿಗೆ, ಹತ್ತು ವರ್ಷದ ಹುಡುಗನಿಗೂ ಗೊತ್ತಿತ್ತು. ಅದು ನಡೆಯಲು ಯಾರೂ ಕತ್ತಲ ಕೋಣೆಯಲ್ಲಿ ಪ್ರಮಾಣ ಮಾಡಬೇಕಾಗಿರಲಿಲ್ಲ.

ಹಾಗಾದರೆ ಫ್ರೀಮೇಸನ್ನರು ಈ ಕಥೆಯೊಳಗೆ ಬಂದದ್ದು ಹೇಗೆ? ನಮ್ಮ ಊರುಗಳಲ್ಲಿ ಲಾಡ್ಜ್ ಎಂದರೆ ಬಸ್‌ಸ್ಟ್ಯಾಂಡ್ ಎದುರು ರಾತ್ರಿ ತಂಗುವ ಜಾಗ. ಮೇಸನ್ನರ ಲಾಡ್ಜ್ ಬೇರೆ, ಅದು ಅವರ ಸಂಘದ ಘಟಕ. ಮುಂಬೈಯ ಫೋರ್ಟ್, ಚೆನ್ನೈನ ಎಗ್ಮೋರ್, ದೆಹಲಿಯ ಜನಪಥ್‌ಗಳಲ್ಲಿ ಓಡಾಡುವವರು ಫ್ರೀಮೇಸನ್ಸ್ ಹಾಲ್ ಎಂಬ ಫಲಕ ನೋಡಿರಬಹುದು. ಹೈದರಾಬಾದಿನವರಿಗೆ ಗೋಶಾಮಹಲ್ ಬಾರಾದರಿ ಗೊತ್ತು. ಉತ್ತರ ಭಾರತದಲ್ಲಿ ಹಿಂದೆ ಇಂಥ ಕಟ್ಟಡಗಳಿಗೆ ಜನ ಜಾದೂಘರ್ ಎನ್ನುತ್ತಿದ್ದರು. ಬಾಗಿಲು ಮುಚ್ಚಿ ಏನು ಮಾಡುತ್ತಾರೋ ಎಂಬ ಕುತೂಹಲವೇ ಆ ಹೆಸರಿಗೆ ಮೂಲ. ಒಳಗಿದ್ದವರಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಕ್ರೈಸ್ತರು ಎಲ್ಲರೂ ಇದ್ದರು. ಸನ್ಯಾಸಕ್ಕೆ ಮುಂಚೆ ವಿವೇಕಾನಂದರೂ ಕಲ್ಕತ್ತೆಯ ಲಾಡ್ಜೊಂದರ ಸದಸ್ಯರಾಗಿದ್ದರು. ಪರಮಾತ್ಮನೊಬ್ಬನಿದ್ದಾನೆ ಎಂದು ನಂಬಿದರೆ ಸಾಕು, ಮತ ಯಾವುದಾದರೂ ಆಗಬಹುದು ಎಂಬುದು ಅವರ ನಿಯಮ.

ಅಂದರೆ ಕ್ಯಾಥಲಿಕರಿಗೆ ಬಾಗಿಲು ಹಾಕಿದ್ದು ಮೇಸನ್ನರಲ್ಲ, ರೋಮ್. 1738ರಲ್ಲಿ ಹನ್ನೆರಡನೆಯ ಕ್ಲೆಮೆಂಟ್ ಪೋಪ್ ಕ್ಯಾಥಲಿಕರು ಮೇಸನ್ ಸಂಘ ಸೇರಕೂಡದೆಂದು ಆಜ್ಞೆ ಹೊರಡಿಸಿದರು. 1884ರಲ್ಲಿ ಹದಿಮೂರನೆಯ ಲಿಯೊ ಅದನ್ನು ಇನ್ನಷ್ಟು ಖಾರವಾಗಿ ಹೇಳಿದರು. 1983ರಲ್ಲಿ ವ್ಯಾಟಿಕನ್ ಆ ನಿಷೇಧವನ್ನು ಮತ್ತೆ ಎತ್ತಿಹಿಡಿಯಿತು, 2023ರಲ್ಲಿ ಇನ್ನೊಮ್ಮೆ. ಐರಿಷ್ ಕ್ಯಾಥಲಿಕರ ಮಹಾನಾಯಕ ಡೇನಿಯಲ್ ಒಕಾನೆಲ್ ತಾರುಣ್ಯದಲ್ಲಿ ಮೇಸನ್ ಆಗಿದ್ದು ಆಮೇಲೆ ಬಿಟ್ಟವರು. ಹೀಗೆ ಕ್ಯಾಥಲಿಕರು ಹೊರಗುಳಿದ ಸ್ಕಾಟ್ಲೆಂಡಿನಲ್ಲಿ ಲಾಡ್ಜುಗಳು ಬಹುಮಟ್ಟಿಗೆ ಪ್ರಾಟೆಸ್ಟೆಂಟರ ಕೂಟಗಳಾದವು. ಇಂಗ್ಲೆಂಡಿನಂತೆ ಅಲ್ಲಿ ಮೇಸನ್ ಸಂಘ ಸಿರಿವಂತರದ್ದಷ್ಟೇ ಅಲ್ಲ, ಕುಶಲ ಕೆಲಸಗಾರರದ್ದೂ ಆಗಿತ್ತು. ಫೋರ್‌ಮನ್ನನೂ ಕೆಲಸ ಕೇಳುವವನೂ ಒಂದೇ ಲಾಡ್ಜಿನವರಾಗಿದ್ದರೆ ಹೊರಗೆ ನಿಂತ ಐರಿಷ್ ಕೂಲಿಗೆ ಏನನ್ನಿಸಿರಬೇಕು?

ಇದರ ಜೊತೆ ಇನ್ನೊಂದು ಗೊಂದಲ ಸೇರಿಕೊಂಡಿತು. 1795ರಲ್ಲಿ ಐರ್ಲೆಂಡಿನ ಆರ್ಮಾ ಜಿಲ್ಲೆಯಲ್ಲಿ ಹುಟ್ಟಿದ ಆರೆಂಜ್ ಆರ್ಡರ್ ಪ್ರಾಟೆಸ್ಟೆಂಟರಿಗೆ ಮಾತ್ರ ಮೀಸಲಾದ ಸಂಘ. ಅದು ಮೇಸನ್ನರಿಂದ ಲಾಡ್ಜ್ ಎಂಬ ಹೆಸರನ್ನೂ ಪದವಿ, ಪಟ್ಟಿಗಳ ವ್ಯವಸ್ಥೆಯನ್ನೂ ಎರವಲು ಪಡೆಯಿತು. ಗ್ಲಾಸ್ಗೋದ ಬೀದಿಯಲ್ಲಿ ಡೋಲು ಬಾರಿಸುತ್ತ ಹೋಗುವವರು ಆರೆಂಜ್‌ನವರು. ಬೀದಿಯಲ್ಲಿ ನಿಂತು ನೋಡುವವನಿಗೆ ಎರಡೂ ಒಂದೇ. ಹೀಗೆ ಮೇಸನ್ ಎಂಬ ಮಾತಿಗೆ ಅಲ್ಲಿ ನಿಘಂಟಿನ ಅರ್ಥ ಹೋಗಿ, ನಮ್ಮವನಲ್ಲದವನು, ಅಧಿಕಾರದಲ್ಲಿರುವವನು, ಒಳಗೊಳಗೇ ಮಸಲತ್ತು ಮಾಡುವವನು ಎಂಬ ಅರ್ಥ ಉಳಿಯಿತು.

ಅನುಮಾನಕ್ಕೆ ಆಗಾಗ ಮೇವೂ ಸಿಕ್ಕಿತು. 1996ರಲ್ಲಿ ಸೆಲ್ಟಿಕ್ ಕರೆತಂದ ಪೋರ್ಚುಗಲ್‌ನ ಜಾರ್ಜ್ ಕಡೇಟೆಯ ನೋಂದಣಿ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆಯಲ್ಲಿ ತಡವಾಯಿತು. ಸೆಲ್ಟಿಕ್ ಪಟ್ಟು ಬಿಡಲಿಲ್ಲ. ಕೊನೆಗೆ 1999ರಲ್ಲಿ ಸಂಸ್ಥೆಯ ಮುಖ್ಯ ಅಧಿಕಾರಿಯನ್ನು ಕೆಲಸದಿಂದ ತೆಗೆಯಲಾಯಿತು. 2010ರ ಅಕ್ಟೋಬರಿನಲ್ಲಿ ರೆಫರಿಯೊಬ್ಬರು ಸೆಲ್ಟಿಕ್‌ಗೆ ಕೊಟ್ಟ ಪೆನಾಲ್ಟಿಯನ್ನು ಹಿಂತೆಗೆದುಕೊಂಡರು, ಅದು ಹೇಗಾಯಿತೆಂಬ ಬಗ್ಗೆ ಸುಳ್ಳು ಹೇಳಿದರು. ಅವರ ಸಹಾಯಕ ರೆಫರಿಯೇ ನಿಜ ಹೇಳಿದ್ದರಿಂದ ಅದು ಬಯಲಾಯಿತು. ಅದೇ ನವೆಂಬರಿನಲ್ಲಿ, ಪೋಪರನ್ನು ಹಂಗಿಸುವ ಇಮೇಲಿನ ಪ್ರಕರಣದಲ್ಲಿ ರೆಫರಿಗಳ ವಿಭಾಗದ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು. ಟೀಕೆಗಳಿಂದ ಬೇಸತ್ತ ರೆಫರಿಗಳು ಮುಷ್ಕರ ಹೂಡಿದರು. ಒಂದು ವಾರಾಂತ್ಯ ಹೊರದೇಶದ ರೆಫರಿಗಳನ್ನು ಕರೆಸಿ ಪಂದ್ಯ ನಡೆಸಬೇಕಾಯಿತು.

"ನೋಡಿದಿರಾ, ನಾವು ಹೇಳಿದ್ದೇ ನಿಜವಾಯಿತಲ್ಲ" ಎಂದು ಸೆಲ್ಟಿಕ್ ಅಭಿಮಾನಿ ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ತಲೆಮಾರುಗಳ ಕಾಲ ಕೆಲಸದ ಗೇಟಿನಲ್ಲಿ ತಡೆಸಿಕೊಂಡವರಿಗೆ ಮುಚ್ಚಿದ ಬಾಗಿಲ ಮೇಲೆ ಅನುಮಾನ ಬರುವುದು ಮನೋರೋಗವಲ್ಲ, ಅನುಭವ. ಆದರೆ ಈ ಪ್ರಕರಣಗಳಲ್ಲಿ ನ್ಯಾಯ ದೊರೆತದ್ದು ಹೇಗೆ ಎಂದು ನೋಡಬೇಕು. ದಾಖಲೆ ಹುಡುಕಿದ್ದರಿಂದ, ದಿನಾಂಕ ಹಿಡಿದು ಕೇಳಿದ್ದರಿಂದ, ಜೊತೆಯಲ್ಲಿದ್ದವನೊಬ್ಬ ಬಾಯಿಬಿಟ್ಟದ್ದರಿಂದ. ಯಾರು ಯಾವ ಲಾಡ್ಜಿನವರು ಎಂಬ ಪ್ರಶ್ನೆ ಒಂದು ಹೆಜ್ಜೆಯನ್ನೂ ಮುಂದಿಡಿಸಲಿಲ್ಲ. "ಈ ಕಾಗದ ಯಾಕೆ ತಡವಾಯಿತು" ಎಂಬುದಕ್ಕೆ ಅಧಿಕಾರಿ ಉತ್ತರ ಕೊಡಲೇಬೇಕು. "ನೀನು ಗುಟ್ಟಿನ ಸಂಘದವನು" ಎಂಬುದಕ್ಕೆ ಉತ್ತರವೇ ಇಲ್ಲ. ಅಲ್ಲ ಎಂದರೆ ಗುಟ್ಟು ಕಾಯುತ್ತಿದ್ದಾನೆ, ಹೌದು ಎಂದರೆ ಮುಗಿದೇ ಹೋಯಿತು. ತಪ್ಪು ಮಾಡಿದವನಿಗೂ ಮಾಡದವನಿಗೂ ಒಂದೇ ಬೈಗುಳ ಬೀಳುವಾಗ ಲಾಭವಾಗುವುದು ತಪ್ಪು ಮಾಡಿದವನಿಗೆ. ಅಭಿಮಾನಿಗಳ ಹುಚ್ಚುತನ ಎಂದು ನಕ್ಕು ಅವನು ಪಾರಾಗುತ್ತಾನೆ.

ಈ ಹಗೆಯಿಂದ ಯಾರಿಗೆ ಲಾಭ ಎಂಬ ಪ್ರಶ್ನೆಯನ್ನು ಗ್ಲಾಸ್ಗೋದ ಜನ ಒಂದು ಕಾಲದಲ್ಲಿ ಸರಿಯಾಗಿಯೇ ಕೇಳಿದ್ದರು. 1904ರಲ್ಲಿ ಅಲ್ಲಿನ ಕ್ರೀಡಾಪತ್ರಿಕೆಯೊಂದು ಎರಡೂ ಕ್ಲಬ್ಬುಗಳನ್ನು ಸೇರಿಸಿ "ಓಲ್ಡ್ ಫರ್ಮ್" ಎಂದು, ಅಂದರೆ ಹಳೆಯ ವ್ಯಾಪಾರಿ ಪಾಲುದಾರರು ಎಂದು, ವ್ಯಂಗ್ಯಚಿತ್ರ ಬರೆಯಿತು. ಆ ಹೆಸರೇ ನಿಂತಿತು. 1909ರ ಏಪ್ರಿಲ್‌ನಲ್ಲಿ ಸ್ಕಾಟಿಷ್ ಕಪ್ ಫೈನಲ್ ಎರಡನೆಯ ಸಲವೂ ಸಮವಾಗಿ ಮುಗಿದಾಗ, ಟಿಕೆಟ್ ಹಣಕ್ಕಾಗಿ ಎರಡೂ ಕ್ಲಬ್ಬುಗಳು ಸೇರಿ ಡ್ರಾ ಮಾಡಿಸುತ್ತಿವೆ ಎಂಬ ಅನುಮಾನ ಹಬ್ಬಿತು. ಹಸಿರಿನವರೂ ನೀಲಿಯವರೂ ಒಟ್ಟಾಗಿ ಮೈದಾನಕ್ಕೆ ನುಗ್ಗಿ ಗೋಲ್‌ಪೋಸ್ಟ್ ಕಿತ್ತು ಬೆಂಕಿ ಹಚ್ಚಿದರು. ಆ ವರ್ಷ ಕಪ್ ಯಾರಿಗೂ ಸಿಗಲಿಲ್ಲ. ದೊಂಬಿಯನ್ನು ಹೊಗಳಬೇಕಾಗಿಲ್ಲ, ಆದರೆ ಆ ಅನುಮಾನ ಕಣ್ಣೆದುರಿನ ಲೆಕ್ಕಪುಸ್ತಕದ ಮೇಲಿತ್ತು. 1984ರಿಂದಾಚೆ ಬಹುಕಾಲ ಎರಡೂ ತಂಡಗಳ ಎದೆಯ ಮೇಲೆ ಒಂದೇ ಕಂಪನಿಯ ಜಾಹೀರಾತು ಇರುತ್ತಿತ್ತು. ಒಂದೇ ಕಡೆ ದುಡ್ಡು ಹಾಕಿದರೆ ಊರಿನ ಇನ್ನರ್ಧ ಗಿರಾಕಿಗಳು ಕೈಬಿಡುತ್ತಾರೆಂಬ ಭಯ ಕಂಪನಿಗಳಿಗೆ. ಇದೂ ಗುಟ್ಟಲ್ಲ, ಅಂಗಿಯ ಮೇಲೇ ಬರೆದಿತ್ತು.

ಮತದ ಹೆಸರಿನ ಆಟ ಭಾರತಕ್ಕೂ ಹೊಸದಲ್ಲ. ಮುಂಬೈಯಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದೇ ತಂಡ ಕಟ್ಟಿ ಕ್ರಿಕೆಟ್ ಆಡುತ್ತಿದ್ದರು. 1937ರಲ್ಲಿ ಉಳಿದವರು ಎಂಬ ಐದನೆಯ ತಂಡ ಸೇರಿತು. ಕ್ರೈಸ್ತರಾದ ವಿಜಯ್ ಹಜಾರೆ ಆಡಬೇಕಾದದ್ದು ಆ ತಂಡಕ್ಕೆ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಹಿಂದೂ ತಂಡ ಅವರ ಬೌಲಿಂಗನ್ನು ಬಳಸಿಕೊಂಡಿತು, ನಾಯಕತ್ವ ಮಾತ್ರ ಕೊಡಲಿಲ್ಲ. ಅವರ ತಮ್ಮ ವಿಠ್ಠಲರು 1923ರಲ್ಲಿ ನಾಯಕರಾಗಲು ವರ್ಷಗಳ ಸಾರ್ವಜನಿಕ ಒತ್ತಾಯ ಬೇಕಾಯಿತು. ಬಾಲೂ ಅವರನ್ನು ತಡೆದದ್ದು ಯಾವ ಗುಟ್ಟಿನ ಸಂಘವೂ ಅಲ್ಲ. ಎಲ್ಲರಿಗೂ ಗೊತ್ತಿದ್ದ ಜಾತಿ. 1940ರಲ್ಲಿ ಗಾಂಧೀಜಿ ಈ ಪಂದ್ಯಾವಳಿಯನ್ನು ವಿರೋಧಿಸಿ ಮಾತಾಡಿದರು, 1946ರ ಹೊತ್ತಿಗೆ ಅದು ನಿಂತಿತು.

ಗ್ಲಾಸ್ಗೋದಲ್ಲಿ ಪಂದ್ಯ ನಿಲ್ಲಿಸುವ ಮಾತಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. 1971ರ ಜನವರಿ 2ರಂದು ಇದೇ ತಂಡಗಳ ಪಂದ್ಯ ಮುಗಿದಾಗ ಐಬ್ರಾಕ್ಸ್ ಮೈದಾನದ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 66 ಜನ ಸತ್ತರು. ಆಗ ಎರಡೂ ತಂಡದವರು ಒಟ್ಟಿಗೆ ಪ್ರಾರ್ಥನೆಗೆ ಕೂತಿದ್ದರು. ಆದರೆ 1995ರಲ್ಲಿ ಸೆಲ್ಟಿಕ್ ಪಂದ್ಯ ಮುಗಿಸಿ ಮನೆಗೆ ಹೋಗುತ್ತಿದ್ದ 16 ವರ್ಷದ ಹುಡುಗನೊಬ್ಬನ ಕತ್ತು ಕೊಯ್ದು ಕೊಂದದ್ದೂ ಅದೇ ಊರಿನಲ್ಲಿ. ಅವನ ಗೆಳತಿ ಆಮೇಲೆ ಮತೀಯ ದ್ವೇಷದ ವಿರುದ್ಧ ನಿಲ್ ಬೈ ಮೌತ್ ಎಂಬ ಸಂಸ್ಥೆ ಕಟ್ಟಿದಳು. ಮೈದಾನದ ದ್ವೇಷದ ಹಾಡುಗಳನ್ನು ತಡೆಯಲು 2012ರಲ್ಲಿ ಬಂದ ಕಾಯ್ದೆ 2018ರಲ್ಲಿ ರದ್ದಾಯಿತು. 2022ರಿಂದ ರೆಫರಿಗಳಿಗೆ ವಿಡಿಯೊ ನೆರವೂ ಬಂದಿದೆ. ಅನುಮಾನ ಈಗ ಮೈದಾನದಿಂದ ವಿಡಿಯೊ ಕೋಣೆಗೆ ಹೋಗಿ ಕೂತಿದೆ, ಅಷ್ಟೇ.

ಫುಟ್‌ಬಾಲ್ ಸಂಸ್ಥೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ರೆಫರಿಗಳನ್ನು ಯಾರು, ಹೇಗೆ ಆರಿಸುತ್ತಾರೆ ಎಂದು ಹೇಳಲಿ, ವಿವಾದದ ತೀರ್ಪಿಗೆ ಕಾರಣ ಬರೆದು ಪ್ರಕಟಿಸಲಿ, ದೂರಿಗೆ ದಿನ ಗೊತ್ತುಮಾಡಿ ಉತ್ತರ ಕೊಡಲಿ. ಅಭಿಮಾನಿಯೂ ಕೇಳಬೇಕಾದದ್ದು ಇದನ್ನೇ. ಕಪ್ಪು ಅಂಗಿಯವನು ಯಾವ ಪೈಕಿ ಎಂದು ಕೇಳುವವನಿಗೆ ಅವನ ಮನೆದೇವರು ಗೊತ್ತಾಗಬಹುದು. ಪೆನಾಲ್ಟಿ ಯಾಕೆ ಕೊಟ್ಟ ಎಂಬುದು ಗೊತ್ತಾಗುವುದಿಲ್ಲ.